ಹಿಟ್ಟಿನ ಕೋಳಿಯೂ ಲೋಕದ ಬಲಿಕಥೆಗಳೂ

ಜಗತ್ತಿನ ಪುರಾಣಗಳೆಲ್ಲ ಮೂಲತಃ ಒಂದೇ ಕಥೆಯನ್ನು ಹೇಳುತ್ತವೆ ಎಂಬ ಮಾತು ಸಭೆಗಳಲ್ಲಿಯೂ ಬರಹಗಳಲ್ಲಿಯೂ ಮತ್ತೆ ಮತ್ತೆ ಕೇಳಿಬರುತ್ತದೆ. ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಬೆಲ್ಲರು 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾನಾ ದೇಶಗಳ ವೀರಕಥೆಗಳಿಗೆ ಒಂದೇ ಅಚ್ಚು ಉಂಟೆಂದು ಪ್ರತಿಪಾದಿಸಿದ ಮೇಲೆ ಈ ಅಭಿಪ್ರಾಯಕ್ಕೆ ಹೆಚ್ಚಿನ ಬಲ ಬಂದಿತು. ಪರಮತ ಸಹಿಷ್ಣುಗಳಾದ ನಮಗೂ ಇದು ಹಿತವಾದ ಮಾತು. ಆದರೆ ವಸ್ತುವಿನಲ್ಲಿ ಸಾಮಾನ್ಯವೂ ವಿಶೇಷವೂ ಏಕಕಾಲದಲ್ಲಿ ಇರುತ್ತವೆ ಎಂಬುದು ಅನೇಕಾಂತದ ಪಾಠ. ಸಾಮಾನ್ಯವನ್ನು ಕಂಡು ವಿಶೇಷವನ್ನು ಮರೆತರೆ ಅದೂ ಏಕಾಂತವೇ ಆಗುತ್ತದೆ. ಒಂದು ಉದಾಹರಣೆಯಿಂದ ಇದನ್ನು ಪರಿಶೀಲಿಸಬಹುದು.

ಹೆತ್ತವರೇ ಮಗುವನ್ನು ಮೃತ್ಯುವಿಗೆ ಒಪ್ಪಿಸುವ ಕಥೆ ಅನೇಕ ದೇಶಗಳಲ್ಲಿದೆ. ಐತರೇಯ ಬ್ರಾಹ್ಮಣದಲ್ಲಿ ಹರಿಶ್ಚಂದ್ರನು ತನ್ನ ಮಗ ರೋಹಿತನನ್ನು ವರುಣನಿಗೆ ಅರ್ಪಿಸುವ ಮಾತು ಕೊಡುತ್ತಾನೆ. ಆ ರೋಹಿತನ ಬದಲಿಗೆ ಅಜೀಗರ್ತನ ಮಗ ಶುನಶ್ಶೇಪನನ್ನು ನೂರು ಹಸುಗಳಿಗೆ ಕೊಂಡು ಯೂಪಕ್ಕೆ ಕಟ್ಟುತ್ತಾರೆ. ದೇವತೆಗಳನ್ನು ಸ್ತುತಿಸಿದಾಗ ಅವನ ಕಟ್ಟುಗಳು ಕಳಚುತ್ತವೆ. ಗ್ರೀಕರ ಕಥೆಯಲ್ಲಿ ಅಗಮೆಮ್ನಾನ್ ದೊರೆ ತನ್ನ ನೌಕಾಪಡೆಗೆ ಗಾಳಿ ಬೀಸಲೆಂದು ಮಗಳು ಇಫಿಜೀನಿಯಳನ್ನು ಬಲಿಪೀಠಕ್ಕೆ ತರುತ್ತಾನೆ. ಕೊನೆಯ ಗಳಿಗೆಯಲ್ಲಿ ದೇವಿ ಅವಳನ್ನು ಮರೆಮಾಡಿ ಜಿಂಕೆಯನ್ನಿರಿಸುತ್ತಾಳೆಂದು ಒಂದು ಪಾಠವಿದೆ. ಹೀಬ್ರೂ ಧರ್ಮಗ್ರಂಥದಲ್ಲಿ ಅಬ್ರಹಾಮನು ಮಗನ ಮೇಲೆ ಕತ್ತಿ ಎತ್ತಿದಾಗ ದೇವದೂತನು ತಡೆಯುತ್ತಾನೆ. ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಟಗರು ಮಗನ ಸ್ಥಾನದಲ್ಲಿ ಬಲಿಯಾಗುತ್ತದೆ.

ಈ ಎಳೆ ನಮ್ಮ ಸೀಮೆಯಲ್ಲಿಯೂ ಉಂಟು. ಗುಬ್ಬಿ ಎಂದೊಡನೆ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಜನರ ನೆನಪಿಗೆ ಬರುತ್ತದೆ. ಅದಕ್ಕೂ ಮೂರೂವರೆ ಶತಮಾನಗಳಿಗೂ ಹಿಂದೆ, 1513ರಲ್ಲಿ, ಗುಬ್ಬಿಯ ಮಲ್ಲಣಾರ್ಯನು ‘ಭಾವಚಿಂತಾರತ್ನ’ವನ್ನು ರಚಿಸಿದನು. ಸತ್ಯೇಂದ್ರ ಚೋಳನ ಕಥೆಯೇ ಅದರ ವಸ್ತು. ರಾಜಕುಮಾರನ ಕುದುರೆ ಸವಾರಿಯಲ್ಲಿ ಬಾಲಕನೊಬ್ಬ ಸಾಯುತ್ತಾನೆ. ಹೆತ್ತ ತಾಯಿ ದೊರೆಯ ಮುಂದೆ ದೂರುತ್ತಾಳೆ. ದೊರೆ ತನ್ನ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಶಿವನ ಕೃಪೆಯಿಂದ ಮಡಿದವರು ಮರಳಿ ಬದುಕುತ್ತಾರೆ. ಇಲ್ಲಿ ತಂದೆಯ ಕೈಯನ್ನು ನಡೆಸುವುದು ಹರಕೆಯಲ್ಲ, ನ್ಯಾಯ. ಬಡತಾಯಿಯ ಮಗುವಿಗೂ ಅರಸುಕುಮಾರನಿಗೂ ಒಂದೇ ತೂಕವೆಂದ ಈ ಕಥೆಯ ಹಿರಿಮೆಯನ್ನು ಯಾವ ಮತದವರೂ ಒಪ್ಪಬೇಕು.

ಈ ಕಥೆಗಳು ಮಗುವಿನ ಉಳಿವಿನಲ್ಲಿ ಸಮಾಧಾನ ಕಾಣುತ್ತವೆ. ನರಬಲಿಯಿಂದ ಮನುಷ್ಯ ಮನಸ್ಸು ಹಿಂಜರಿದುದಕ್ಕೆ ಇವು ಸಾಕ್ಷಿ. ಅದು ಸಣ್ಣ ಸಾಧನೆಯಲ್ಲ. ಆದರೆ ಜಿಂಕೆಗೆ, ಟಗರಿಗೆ ಏನಾಯಿತೆಂದು ಕಥೆ ಮುಂದೆ ವಿಚಾರಿಸುವುದಿಲ್ಲ. ಅವು ಬದಲಿಯಾಗಿ ಬಂದವು, ಬದಲಿಯಾಗಿಯೇ ಮುಗಿದವು.

1209ರಲ್ಲಿ ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನನು ಬರೆದ ‘ಯಶೋಧರ ಚರಿತೆ’ ಈ ವಿಚಾರಣೆಯನ್ನು ಕೈಗೆತ್ತಿಕೊಳ್ಳುತ್ತದೆ. ಅದು ಆರಂಭವಾಗುವುದೂ ನರಬಲಿಯ ಸಿದ್ಧತೆಯಿಂದಲೇ. ಮಾರಿದತ್ತನು ಚಂಡಮಾರಿಗೆ ಬಲಿಕೊಡಲು ತರಿಸಿದ ಅಭಯರುಚಿ, ಅಭಯಮತಿ ಎಂಬ ಎಳೆಯರು ತಮ್ಮ ಪೂರ್ವಭವಗಳನ್ನು ಹೇಳತೊಡಗುತ್ತಾರೆ. ಹಿಂದೆ ಅವರು ಯಶೋಧರ ರಾಜನೂ ಅವನ ತಾಯಿ ಚಂದ್ರಮತಿಯೂ ಆಗಿದ್ದರು. ಅನಿಷ್ಟ ಪರಿಹಾರಕ್ಕಾಗಿ ಪ್ರಾಣಿಬಲಿ ಕೊಡೆಂದು ತಾಯಿ ಹೇಳಿದಳು, ಮಗ ಒಪ್ಪಲಿಲ್ಲ. ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಕಡಿ ಎಂದಳು, ಮಗ ಮಣಿದನು. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು. ಮುಂದೆ ತಾಯಿ ಮಕ್ಕಳಿಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿ ಮತ್ತೆ ಮತ್ತೆ ಕೊಲೆಯಾದರು. ತಂದೆಗಾಗಿ ಮಗ ಮಾಡಿದ ಶ್ರಾದ್ಧಕ್ಕೆ ತಂದೆಯೇ ಆಹಾರವಾದನು.

ಮನುಷ್ಯನ ಬದಲು ಪ್ರಾಣಿ, ಪ್ರಾಣಿಯ ಬದಲು ಹಿಟ್ಟು: ಇದನ್ನು ನಾಗರಿಕತೆಯ ಮುನ್ನಡೆಯೆಂದು ಚರಿತ್ರಕಾರರು ಹೇಳಬಹುದು. ಜನ್ನನು ಆ ಮೆಟ್ಟಿಲಿನಲ್ಲಿಯೂ ನಿಲ್ಲುವುದಿಲ್ಲ. ಹಿಟ್ಟಿಗೆ ಪ್ರಾಣವಿರಲಿಲ್ಲ, ನಿಜ. ಕೊಲ್ಲುವ ಸಂಕಲ್ಪಕ್ಕೆ ಪ್ರಾಣವಿತ್ತು. ದ್ರವ್ಯಹಿಂಸೆಯನ್ನು ಬಿಟ್ಟವನು ಭಾವಹಿಂಸೆಯನ್ನು ಉಳಿಸಿಕೊಂಡನೆಂಬುದೇ ಕಾವ್ಯದ ತೀರ್ಪು. ಇನ್ನೊಂದು ವಿಶೇಷವೂ ಇದೆ. ಉಳಿದ ಕಥೆಗಳಲ್ಲಿ ಮೂಕವಾಗಿ ಸತ್ತ ಬಲಿಪಶು ಇಲ್ಲಿ ಮನುಷ್ಯಜನ್ಮ ಪಡೆದು ಬಂದು ತನ್ನ ನೋವನ್ನು ತಾನೇ ನಿರೂಪಿಸುತ್ತದೆ. ಅದನ್ನು ಕೇಳಿಯೇ ಮಾರಿದತ್ತನು ಹಿಂಸೆಯನ್ನು ತೊರೆಯುತ್ತಾನೆ.

ಕಾವ್ಯದ ಬಗೆಗೆ ಆಕ್ಷೇಪಗಳಿಲ್ಲದೆ ಇಲ್ಲ. ಅಪರಾಧಕ್ಕಿಂತ ಶಿಕ್ಷೆ ಬಹು ದೊಡ್ಡದು ಎನ್ನುವವರಿದ್ದಾರೆ. ಮಾವುತನಿಗೆ ಒಲಿದ ರಾಣಿ ಅಮೃತಮತಿಯ ಪ್ರಸಂಗವನ್ನು ಕವಿ ಎಷ್ಟು ಪ್ರಖರವಾಗಿ ಚಿತ್ರಿಸಿದ್ದಾನೆಂದರೆ, ಓದುಗರಿಗೆ ಅದೇ ನೆನಪಿನಲ್ಲಿ ಉಳಿದು ಭವಾವಳಿಯ ಭಾಗ ಮಂಕಾಗುತ್ತದೆ ಎಂಬುದೂ ಸುಳ್ಳಲ್ಲ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ವಸ್ತುವನ್ನೇ ಎತ್ತಿಕೊಂಡು ದಾಂಪತ್ಯದ ಬಿಕ್ಕಟ್ಟನ್ನು ಮುಂದಕ್ಕೆ ತಂದರು. ಆದರೆ ಭವಾವಳಿಯನ್ನು ದಂಡನೆಯ ಲೆಕ್ಕವೆಂದು ಓದಬಾರದು. ಕತ್ತಿ ಹಿಡಿದವನನ್ನು ಕತ್ತಿಯ ಕೆಳಗೆ ನಿಲ್ಲಿಸಿ, ಆ ಕಡೆಯಿಂದ ಲೋಕವನ್ನು ತೋರಿಸುವ ಶಿಕ್ಷಣವದು.

ಈ ಪ್ರಶ್ನೆ ಹಳೆಯದಾಗಿಲ್ಲ. ಪ್ರಾಣಿಬಲಿಯನ್ನು ತಡೆಯುವ 1959ರ ಕಾನೂನು ನಮ್ಮ ರಾಜ್ಯದಲ್ಲಿದೆ. ಆದರೆ ಕಾನೂನು ಕೈಯನ್ನು ತಡೆಯಬಲ್ಲದು, ಭಾವವನ್ನಲ್ಲ. ಆಯುಧಪೂಜೆಯ ದಿನ ಪೇಟೆಯ ಅಂಗಡಿಗಳ ಮುಂದೆ ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುವುದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮವರ ಅಂಗಡಿಗಳೂ ಇದಕ್ಕೆ ಪೂರ್ತಿ ಹೊರತಲ್ಲ. ಒಡೆಯುವವರನ್ನೆಲ್ಲ ದೂಷಿಸುವುದು ಸಲ್ಲದು. ಬಹುಮಂದಿಗೆ ಅದು ಕೇವಲ ರೂಢಿ. ಆದರೆ ಆ ಕೆಂಪು ಯಾವುದರ ಬದಲಿಗೆ ಬಂದಿತು, ಅದನ್ನು ಮಾಡುವಾಗ ನಮ್ಮ ಮನಸ್ಸಿನಲ್ಲಿರುವ ಭಾವವೇನು ಎಂದು ಒಮ್ಮೆ ಕೇಳಿಕೊಳ್ಳುವುದು ಶ್ರಾವಕಧರ್ಮಕ್ಕೆ ಉಚಿತ.

ನಿಟ್ಟೂರಿನ ಶಾಂತೀಶ್ವರ ಬಸದಿಯಲ್ಲಾಗಲಿ ಮಂದರಗಿರಿಯಲ್ಲಾಗಲಿ ಮಕ್ಕಳಿಗೆ ಕಥೆ ಹೇಳುವ ಹಿರಿಯರು ಶುನಶ್ಶೇಪನ ಕಥೆಯನ್ನೂ ಅಬ್ರಹಾಮನ ಕಥೆಯನ್ನೂ ಗುಬ್ಬಿಯ ಮಲ್ಲಣಾರ್ಯನ ಕಥೆಯನ್ನೂ ಗೌರವದಿಂದ ಹೇಳಲಿ. ಆ ಬಳಿಕ ಹಿಟ್ಟಿನ ಕೋಳಿಯ ಕಥೆಯನ್ನೂ ಹೇಳಲಿ. ಎಲ್ಲವೂ ಒಂದೇ ಎಂದು ಮುಗಿಸುವುದು ಬೇಡ. ಪ್ರಶ್ನೆ ಒಂದೇ, ಉತ್ತರಗಳು ಬೇರೆ. ಅವುಗಳ ನಡುವಿನ ಅಂತರವನ್ನು ಮಕ್ಕಳೇ ಅಳೆಯಲಿ.