ಕೇಸ್ ಶೀಟಿನಲ್ಲಿ ಬರೆಯಬಾರದ ಪದ

“ಭಾವ ಕುಡೀತಾರೆ ಅಂತ ಡಾಕ್ಟರ್ ಹತ್ರ ಹೇಳ್ಬೇಡಕ್ಕಾ, ಕ್ಲೇಮ್ ಆಗಲ್ಲ.” ಆಸ್ಪತ್ರೆಯ ಕಾರಿಡಾರುಗಳಿಗೆ ಈ ಪಿಸುಮಾತು ಹೊಸದಲ್ಲ. ಅಟ್ಟದಿಂದ ಜಾರಿ ತೊಡೆಮೂಳೆ ಮುರಿದುಕೊಂಡ ಐವತ್ತರ ಗಂಡಸೊಬ್ಬನನ್ನು ಊಹಿಸಿಕೊಳ್ಳಿ. ಸಂಜೆಯಾದರೆ ಅವನಿಗೆ ಕ್ವಾರ್ಟರ್ ಬೇಕೇ ಬೇಕು. ಮನೆಯವರು ಬಾಯಿ ಬಿಡಲಿಲ್ಲ, ಆಪರೇಷನ್ ಆಯಿತು. ಎರಡನೇ ದಿನ ಕೈ ನಡುಗತೊಡಗಿತು. ಮೂರನೇ ರಾತ್ರಿ ಗೋಡೆ ಮೇಲೆ ಹುಳ ಹರಿದಾಡುವುದು ಕಂಡಿತು. ಡ್ರಿಪ್ ಕಿತ್ತೆಸೆದು ಮುರಿದ ಕಾಲಲ್ಲೇ ಎದ್ದು ನಿಲ್ಲಲು ಹೋದ. ಕುಡಿತ ಥಟ್ಟನೆ ನಿಂತಾಗ ಬರುವ ಈ ಸನ್ನಿ ಪ್ರಾಣವನ್ನೂ ತೆಗೆಯಬಲ್ಲದು. ಮೊದಲೇ ಗೊತ್ತಿದ್ದರೆ ಬಿ1 ಇಂಜೆಕ್ಷನ್ನು, ನಾಲ್ಕಾರು ದಿನದ ಮಾತ್ರೆಗಳಲ್ಲಿ ಬಹುಮಟ್ಟಿಗೆ ತಡೆಯಬಹುದಾದ ಅನಾಹುತ ಇದು.

ಕುಡುಕನ ಚಿಕಿತ್ಸೆಗೆ ಕುಡಿಯದವನ ಪ್ರೀಮಿಯಂ ಯಾಕೆ ಹೋಗಬೇಕು ಎಂದು ನಮ್ಮಲ್ಲಿ ಬಹಳ ಜನ ಕೇಳುತ್ತಾರೆ. ಕೇಳುವ ಧಾಟಿಯಲ್ಲೇ ಉತ್ತರವೂ ಇರುತ್ತದೆ. ಆ ಉತ್ತರಕ್ಕೆ ಪಾಲಿಸಿಯಲ್ಲಿ ಒಂದು ನಂಬರೂ ಇದೆ: ಹೊರಗಿಡಿಕೆ 12. ಮದ್ಯ, ಮಾದಕವಸ್ತು ಅಥವಾ ಯಾವುದೇ ಚಟದ ಚಿಕಿತ್ಸೆಗೂ ಅದರ ಪರಿಣಾಮಗಳಿಗೂ ಹಣ ಇಲ್ಲ ಎನ್ನುವ ಸಾಲು. ‘ಪರಿಣಾಮ’ ಎಂಬ ಪದದ ಹೊಟ್ಟೆ ದೊಡ್ಡದು. ಲಿವರ್ ಕೆಟ್ಟರೂ ಅದರೊಳಗೆ, ಮೇದೋಜೀರಕ ಊದಿಕೊಂಡರೂ ಅದರೊಳಗೆ. ಆದ್ದರಿಂದಲೇ ತೊಡೆಮೂಳೆ ಮುರಿದವನ ಮನೆಯವರೂ ಕುಡಿತದ ಮಾತೆತ್ತಲು ಹೆದರುತ್ತಾರೆ. ಕೇಸ್ ಶೀಟಿನಲ್ಲಿ ಆ ಒಂದು ಪದ ಬಿದ್ದರೆ ಮುಂದೆ ಏನು ಎಲ್ಲಿ ತಗಲಿಕೊಳ್ಳುತ್ತದೋ ಯಾರು ಬಲ್ಲರು?

ಕಾನೂನು ಬೇರೆಯೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಬರುವ ಮನೋಸ್ಥಿತಿಗಳನ್ನೂ ಮಾನಸಿಕ ಕಾಯಿಲೆ ಎಂದೇ ಎಣಿಸುತ್ತದೆ. ದೇಹದ ಕಾಯಿಲೆಗೆ ಯಾವ ಲೆಕ್ಕದಲ್ಲಿ ವಿಮೆಯೋ ಮನಸ್ಸಿನ ಕಾಯಿಲೆಗೂ ಅದೇ ಲೆಕ್ಕದಲ್ಲಿ ಕೊಡಬೇಕು ಎನ್ನುತ್ತದೆ 21(4)ನೇ ಕಲಂ. ಆಮೇಲೆ 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಗಿಡಿಕೆಗಳನ್ನೆಲ್ಲ ಒಂದು ಅಚ್ಚಿಗೆ ಹಾಕಿತು. ಮಾನಸಿಕ ಕಾಯಿಲೆಯನ್ನು ಹೊರಗಿಡಕೂಡದು ಎಂದು ಬರೆದದ್ದೂ ಅದೇ ಮಾರ್ಗಸೂಚಿ, ಚಟವನ್ನು ಹೊರಗಿಡಲು ಪದಜೋಡಣೆ ಮಾಡಿ ಕೊಟ್ಟದ್ದೂ ಅದೇ. ಹೆಬ್ಬಾಗಿಲಲ್ಲಿ ಕರೆದು ಹಿತ್ತಲಲ್ಲಿ ಕಳಿಸಿದ ಹಾಗಾಯಿತು.

ಅಂದಿನಿಂದ ಸುಧಾರಣೆಗಳಿಗೇನೂ ಬರಗಾಲವಿಲ್ಲ. 2024ರಲ್ಲಿ ಹಳೇ ಕಾಯಿಲೆಗಳ ಕಾಯುವ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯಿತು. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಪಾಲಿಸಿಗಳ ಮೇಲಿನ 18% ಜಿಎಸ್‌ಟಿ ಪೂರ್ತಿ ಹೋಯಿತು. ಒಳ್ಳೆಯದೇ, ನನ್ನ ಜೇಬಿಗೂ ಹಗುರ. ಆದರೆ ಅಗ್ಗವಾದ ಪಾಲಿಸಿಯಲ್ಲೂ ಹನ್ನೆರಡನೇ ಸಾಲು ಕೂತೇ ಇದೆ.

‘ಅವನೇ ತಂದುಕೊಂಡದ್ದು’ ಎಂಬ ವಾದಕ್ಕೆ ನನ್ನ ಆಕ್ಷೇಪ ಇದು: ಅದನ್ನು ನಾವು ಬೇಕಾದ ಕಡೆ ಮಾತ್ರ ಬಳಸುತ್ತೇವೆ. ವಾಕಿಂಗ್ ಹೋಗು ಎಂದ ಡಾಕ್ಟರ ಮಾತನ್ನು ಇಪ್ಪತ್ತು ವರ್ಷ ಕೇಳದ ಸಕ್ಕರೆ ಕಾಯಿಲೆಯವರ ಬೈಪಾಸಿಗೆ ಯಾರೂ ಮೈಸೂರುಪಾಕಿನ ಲೆಕ್ಕ ಕೇಳುವುದಿಲ್ಲ. ಚಟ ಮರುಕಳಿಸುತ್ತದಲ್ಲ ಎನ್ನುತ್ತೀರಾ? ಸಕ್ಕರೆ, ಬಿಪಿಯೂ ಹತೋಟಿ ತಪ್ಪುತ್ತವೆ. ಇನ್ನು ದುಡ್ಡಿನ ಮಾತಿಗೆ ಬಂದರೆ, ಕರ್ನಾಟಕದ 2025-26ರ ಬಜೆಟ್ಟು ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಕುಡಿಯುವವನು ಕುಡಿಯದವನ ರಸ್ತೆಗೂ ಶಾಲೆಗೂ ಕೊಡುತ್ತಲೇ ಇದ್ದಾನೆ.

ಒಂದು ಭಯ ಮಾತ್ರ ನ್ಯಾಯವಾದದ್ದು. ವಿಮೆ ಬಂತೆಂದರೆ ವ್ಯಸನಮುಕ್ತಿ ಕೇಂದ್ರವೆಂದು ಬೋರ್ಡು ಹಾಕಿ, ಜನರನ್ನು ತಿಂಗಳುಗಟ್ಟಲೆ ಕೂಡಿಹಾಕಿ ಬಿಲ್ಲು ಏರಿಸುವವರೂ ಹುಟ್ಟಿಕೊಳ್ಳುತ್ತಾರೆ. ಅದಕ್ಕೆ ಮದ್ದು ಅದೇ 2017ರ ಕಾಯ್ದೆಯಲ್ಲಿದೆ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆದ ಸಂಸ್ಥೆಗೆ ಮಾತ್ರ ಹಣ ಕೊಡಲಿ.

ಸಾಲು ಅಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳಲಾರೆ. ನಮ್ಮ ಪಾಲಿಸಿಗಳು ಬಹುಮಟ್ಟಿಗೆ ಹಾಸಿಗೆಯ ಪಾಲಿಸಿಗಳು, 24 ಗಂಟೆ ಅಡ್ಮಿಟ್ ಆಗಿರಬೇಕು. ಕುಡಿತದ ಚಿಕಿತ್ಸೆಯಲ್ಲಿ ಹಾಸಿಗೆಯ ಪಾಲು ಹೆಚ್ಚೆಂದರೆ ಎರಡು ಮೂರು ವಾರ. ಆಮೇಲಿನದೆಲ್ಲ ವರ್ಷಗಟ್ಟಲೆ ಓಪಿಡಿ, ಮಾತ್ರೆ, ಆಪ್ತ ಸಮಾಲೋಚನೆ. ದಿಲ್ಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಹೊರಗಿಡಿಕೆ ತೆಗೆದ ಮೇಲೆ ಓಪಿಡಿಯೂ ಒಳಗೆ ಬರದಿದ್ದರೆ ಆ 180ನೆಯವರಿಗೆ ಒಂದಿಷ್ಟು ಹಣ ಸಿಕ್ಕೀತು, ಅಷ್ಟೇ.

ವಿಮಾ ನಿಯಂತ್ರಣ ಪ್ರಾಧಿಕಾರ ಮನಸ್ಸು ಮಾಡುವುದು ಯಾವಾಗಲೋ. ಅಲ್ಲಿಯವರೆಗೆ ನಿಮ್ಮ ಬೀರುವಿನಲ್ಲಿರುವ ಪಾಲಿಸಿ ತೆಗೆದು ಹನ್ನೆರಡನೇ ಹೊರಗಿಡಿಕೆಯನ್ನೊಮ್ಮೆ ಓದಿ ನೋಡಿ. ಮನೆಯಲ್ಲಿ ಕುಡಿಯುವವರಿದ್ದು ಅವರನ್ನು ಆಸ್ಪತ್ರೆಗೆ ಸೇರಿಸುವ ದಿನ ಬಂದರೆ, ಕ್ಲೇಮ್ ಹೋದರೂ ಹೋಗಲಿ, ಡಾಕ್ಟರಿಗೆ ಮಾತ್ರ ನಿಜ ಹೇಳಿಬಿಡಿ.