ಗೋಡೆಗೆ ಕಿವಿಗೊಡುವವರು

ಮಳೆಗಾಲಕ್ಕೆ ಮುಂಚೆ ಮುಂಬಯಿ ಹೊರವಲಯದ ವಿಠ್ಠಲವಾಡಿ ರೈಲು ನಿಲ್ದಾಣದ ಆಸುಪಾಸಿನ ಹಳೆಯ ವಸತಿ ಸೊಸೈಟಿಗಳಿಗೆ ಬಿದಿರಿನ ಅಟ್ಟಣಿಗೆ ಏರುತ್ತದೆ. ಹೊಸ ಬಣ್ಣವನ್ನು ಎಲ್ಲರೂ ಮೆಚ್ಚುತ್ತಾರೆ; ನನ್ನ ಮೆಚ್ಚುಗೆ ಅದಕ್ಕೂ ಮೊದಲಿನ ಕೆಲಸಕ್ಕೆ. ವಿಜಯಪುರ ಕಡೆಯ ಗೌಂಡಿಯೊಬ್ಬರು ಸಣ್ಣ ಸುತ್ತಿಗೆಯಿಂದ ಗಿಲಾವನ್ನು ಮೊಳಮೊಳಕ್ಕೂ ತಟ್ಟುತ್ತಾ ಹೋಗುತ್ತಾರೆ. ಗಟ್ಟಿಯಿದ್ದಲ್ಲಿ ಬಿಗಿಯಾದ ಸದ್ದು, ಟೊಳ್ಳಿದ್ದಲ್ಲಿ ಡೊಬ್ ಎನ್ನುವ ಮಂಕು ದನಿ. ಪಕ್ಕದಲ್ಲೇ ಲೋಕಲ್ ಗಾಡಿ ಕಲ್ಯಾಣದತ್ತ ಗಡಗಡಿಸುತ್ತಿದ್ದರೂ ಆ ವ್ಯತ್ಯಾಸ ಅವರಿಗೆ ತಪ್ಪುವುದಿಲ್ಲ. ಎಂಥ ಕಿವಿ!

ಕೂದಲೆಳೆಯ ಬಿರುಕನ್ನೂ ಅವರು ಸುಮ್ಮನೆ ಮೆತ್ತುವುದಿಲ್ಲ. ಉಳಿಯಿಂದ ಅದರ ಬಾಯಿ ಅಗಲಿಸಿ, ದೂಳು ತೆಗೆದು, ನೀರು ಕುಡಿಸಿ, ಆಮೇಲೆ ತುಂಬುತ್ತಾರೆ. ಸಜ್ಜೆಯ ಸಂದಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೇರುಸಹಿತ ಬಿಡಿಸುತ್ತಾರೆ; ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದಲ್ಲ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಅದಕ್ಕೇ ಅದನ್ನು ಹೊಳೆಯುವವರೆಗೂ ತಂತಿ ಬ್ರಷ್‌ನಿಂದ ಉಜ್ಜುತ್ತಾರೆ.

ಹೊಸ ಗಿಲಾವು ದಿನಗಟ್ಟಲೆ ನೀರುಂಡು, ಪೂರ್ತಿ ಒಣಗಬೇಕು. ಹಸಿಗೋಡೆಗೆ ಬಳಿದ ಬಣ್ಣ ಗುಳ್ಳೆಯೆದ್ದು ಹೊಪ್ಪಳಿಕೆಯಾಗಿ ಉದುರುತ್ತದೆ. ಜೂನ್ ಹತ್ತಿರವಾಯಿತೆಂದು ಸೊಸೈಟಿಯವರು ಅವಸರಪಡಿಸಿದಾಗ ಗೌಂಡಿಯವರು ಅಂಗೈಯನ್ನು ಗೋಡೆಗೆ ಒತ್ತಿ, "ಇನ್ನೂ ಹಸಿ ಐತ್ರೀ" ಎನ್ನುತ್ತಾರೆ. ನೈಋತ್ಯದ ಮಳೆ ನೇರ ಬಡಿಯುವ ಪಡುಗೋಡೆಯ ಮೇಲೆ ಅವರ ಕೈ ಇನ್ನಷ್ಟು ನಿಧಾನ. ಆ ಗೋಡೆಗೆ ಒತ್ತಿ ಮಲಗುವ ಮಕ್ಕಳಿಗೆ ಬೂಷ್ಟಿನ ವಾಸನೆ ತಾಕದಿರುವುದು ಈ ನಿಧಾನದಿಂದಲೇ.