ಪರದೆಗೆ ಬಂದ ಕಸೂತಿ

ಕೇಶ್ವಾಪುರದ ನಮ್ಮ ಮನೆಯಲ್ಲಿ ಟಿವಿ ಸುಮ್ಮನಿರುವ ಹೊತ್ತಿನಲ್ಲಿ ಈಗ ಪರದೆಯ ಮೇಲೆ ಅವ್ವನ ಚಂದ್ರಕಾಳಿ ಸೀರೆಯ ಸೆರಗಿನ ಚಿತ್ರ ಕಾಣುತ್ತದೆ. ಕಪ್ಪು ನೆಲದ ಮೇಲೆ ಕಸೂತಿಯ ತೇರು. ಟ್ರಂಕಿನ ಮಡಿಕೆಯಲ್ಲಿ ಮುಚ್ಚಿಹೋಗಿದ್ದ ಕೆಲಸಕ್ಕೆ ಗೋಡೆಯ ಮೇಲೆ ಜಾಗ ಸಿಕ್ಕಿದ್ದು ನನಗೆ ಹಬ್ಬದಷ್ಟು ಸಂತೋಷ.

ಚಿತ್ರ ಸಿದ್ಧಪಡಿಸುವುದೂ ಕುಸುರಿ ಕೆಲಸವೇ. ಸುಕ್ಕು ಬಿಡಿಸಿ ಸೆರಗನ್ನು ನೆಲಕ್ಕೆ ಹಾಸಿ, ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲೇ ನೇರ ಮೇಲಿಂದ ಫೋಟೊ ತೆಗೆಯಬೇಕು. ಮೊಬೈಲಿನ ಚಿತ್ರ ಸಾಮಾನ್ಯವಾಗಿ 4:3, ಟಿವಿ 16:9. ಅಗಲ ಪೂರ್ತಿ ಉಳಿಸಿಕೊಂಡರೆ ಎತ್ತರದಲ್ಲಿ ಕಾಲುಭಾಗ ಹೋಗುತ್ತದೆ. ತೇರಿನ ಕಳಸ ಕತ್ತರಿಗೆ ಸಿಗದಂತೆ ಮೇಲೆ ಕೆಳಗೆ ಮೊದಲೇ ಜಾಗ ಬಿಟ್ಟಿರಬೇಕು. 4ಕೆ ಪರದೆಗೆ 3840×2160 ಪಿಕ್ಸೆಲ್ ಇರಲಿ. ಸಣ್ಣ ಚಿತ್ರವನ್ನು ಹಿಗ್ಗಿಸಿದರೆ ಎಳೆಗಳು ಮಸುಕಾಗುತ್ತವೆ.

ಅಂಗೈಯಗಲದ ತೇರು ಪರದೆ ತುಂಬಿದಾಗ ಹತ್ತಿರ ಹೋಗಿ ನೋಡಬೇಕು. ಮುರಗಿ ಹೊಲಿಗೆಯ ಮೆಟ್ಟಿಲುಗಳು, ಮೆಂತಿಯ ಅಡ್ಡಹೊಲಿಗೆ, ಎರಡೂ ಬದಿಗೆ ಒಂದೇ ಥರ ಕಾಣುವ ಗವಂತಿ ಹೊಲಿಗೆ. ನೂಲೆಣಿಸಿ ಹೊಲಿದ ಕೈ ಎಲ್ಲಿ ತುಸು ಬಿಗಿಯಾಯಿತು ಎಂಬುದೂ ಗೊತ್ತಾಗುತ್ತದೆ. ಅವ್ವ ಬಹಳ ಹೊತ್ತು ನೋಡಿ, "ಈ ತೇರು ನಾನಽ ಹಾಕೀನಿ" ಅಂದಳು.

ಬಣ್ಣವನ್ನು ಗಾಢ ಮಾಡಬೇಡಿ. ರಾತ್ರಿ ಪರದೆಯ ಬೆಳಕು ಇಳಿಸಿ. ಇಲ್ಲದಿದ್ದರೆ ಕಪ್ಪು ಬೂದುಬಣ್ಣಕ್ಕೆ ತಿರುಗಿ, ಬಟ್ಟೆ ಬಟ್ಟೆಯಂತೆ ಕಾಣುವುದಿಲ್ಲ. ನಿಮ್ಮ ಟ್ರಂಕಿನಲ್ಲೂ ಇಂಥ ಸೆರಗಿದ್ದರೆ ಹೊರಗೆ ತೆಗೆಯಿರಿ. ಫೈಲಿನ ಹೆಸರಿನಲ್ಲೇ ಹೊಲಿದವರ ಹೆಸರನ್ನೂ ಬರೆದಿಡಿ.